ಕಂಪೌಂಡರ್ ಎಲಿನಾಮಿಯ ಒಳರೋಗಿ

“ಈ ಗಿಡದ ಕಾಯಿಲೆ ಏನೂಂತ ಮೂರೇ ದಿನದಲ್ಲಿ ಕಂಡುಹಿಡೀದಿದ್ರೆ ನನ್ನ ಹೆಸರು ಎಲಿನಾಮಿ ಪಲ್ಲಾಂಗ್ಯೊ ಅಲ್ಲ!”

ನವೆಂಬರ್ ತಿಂಗಳ ಮೊದಲ ಭಾನುವಾರ, ಚರ್ಚಿನಿಂದ ಬಂದು ಕೋಟು ಬಿಚ್ಚುವ ಮೊದಲೇ ಎಲಿನಾಮಿ ಹೀಗೆ ಘೋಷಿಸಿದ. ಅಂಗಳದ ಕೋಳಿಗಳು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಮಣ್ಣು ಕೆದಕತೊಡಗಿದವು. ಹೆಂಡತಿ ಐಕಾಂಡೆ ತಲೆಯನ್ನೂ ಎತ್ತಲಿಲ್ಲ. ಜಗಲಿಯಲ್ಲಿ ಕಾಲು ಚಾಚಿ ಕೂತು ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಳು.

“ಹಾಗಾದ್ರೆ ಬುಧವಾರದ ಹೊತ್ತಿಗೆ ಒಂದು ಹೊಸ ಹೆಸರು ಹುಡುಕಿಟ್ಕೊಳ್ಳಿ, ಬಾಬಾ ಆಯ್ಸಾ,” ಎಂದಳು.

ಆಯ್ಸಾ ಅವರ ದೊಡ್ಡ ಮಗಳು. ಅವಳು ಹುಟ್ಟಿದ ದಿನದಿಂದ ಎಲಿನಾಮಿ ಬಾಬಾ ಆಯ್ಸಾ ಆದ, ಐಕಾಂಡೆ ಮಾಮಾ ಆಯ್ಸಾ ಆದಳು. ಅಪ್ಪ ಅಮ್ಮನ ಸ್ವಂತ ಹೆಸರುಗಳು ಚರ್ಚಿನ ಪುಸ್ತಕದಲ್ಲಿ ಮಾತ್ರ ಉಳಿದವು. ಆ ಆಯ್ಸಾಳಿಗೇ ಈಗ ಒಂದು ಗಂಡು ಮಗು. ಮೊದಲ ಮೊಮ್ಮಗ! ಕ್ರಿಸ್ಮಸ್ಸಿನ ಮಾರನೆಯ ದಿನ ಮಚಾಮೆಯ ಚರ್ಚಿನಲ್ಲಿ ಮಗುವಿಗೆ ದೀಕ್ಷಾಸ್ನಾನ, ಆಮೇಲೆ ಐಕಾಂಡೆಯ ತವರಿನಲ್ಲಿ ಊಟ. ಮಗುವನ್ನು ಎತ್ತಿಕೊಂಡು ಪಾದ್ರಿಯ ಮುಂದೆ ನಿಲ್ಲಬೇಕಾದವನು ಅಜ್ಜ, ಅಂದರೆ ಎಲಿನಾಮಿ. ಹೊಸ ಕೋಟಿಗೆ ಅಳತೆಯನ್ನೂ ಕೊಟ್ಟಾಗಿತ್ತು.

ಒಂದೇ ಒಂದು ತೊಡಕು. ಆ ತವರುಮನೆಯ ಅಂಗಳಕ್ಕೆ ಕಾಲಿಡುವ ಹಕ್ಕು ಅವನಿಗಿರಲಿಲ್ಲ.

ಅದು ಹಿಂದಿನ ಕ್ರಿಸ್ಮಸ್ಸಿನ ಕಥೆ. ಚಗ್ಗಾ ಜನ ಲೋಕದ ಯಾವ ಮೂಲೆಯಲ್ಲಿದ್ದರೂ ಕ್ರಿಸ್ಮಸ್ಸಿಗೆ ಕಿಲಿಮಂಜಾರೋ ಬೆಟ್ಟದ ತಮ್ಮ ಮನೆಗೆ ಹತ್ತಿ ಬರಲೇಬೇಕು. ಬಾರದವನು ಸತ್ತಿರಬೇಕು, ಇಲ್ಲವೇ ಜೈಲಿನಲ್ಲಿರಬೇಕು. ಚಗ್ಗಾ ಹೆಣ್ಣನ್ನು ಕಟ್ಟಿಕೊಂಡ ತಪ್ಪಿಗೆ, ಪಕ್ಕದ ಮೇರು ಬೆಟ್ಟದ ಬುಡದಲ್ಲಿ ಹುಟ್ಟಿ ಬೆಳೆದ ಎಲಿನಾಮಿಯೂ ಇಪ್ಪತ್ತೆಂಟು ವರ್ಷದಿಂದ ತಪ್ಪದೆ ಹತ್ತುತ್ತಿದ್ದ. ಕಳೆದ ವರ್ಷ ಮಾತ್ರ ಬರಿಗೈಯಲ್ಲಿ ಹತ್ತಲಿಲ್ಲ. ಒಂದು ಹಳದಿ ಕ್ಯಾನಿನ ತುಂಬ ತನ್ನ ಮನೆಯ ನಲ್ಲಿ ನೀರನ್ನು ಹೊತ್ತುಕೊಂಡು ಹತ್ತಿದ. ಕ್ಯಾನಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದ: ‘ಶುದ್ಧ ನೀರು.’ ಊಟಕ್ಕೆ ಕೂತಾಗ ಅತ್ತೆ ಬೀಬಿ ಆನಾಸಿಯಾ ಬಾಳೆಕಾಯಿ, ಮಾಂಸ ಹಾಕಿ ಬೇಯಿಸಿದ ಮಚಲಾರಿ ಬಡಿಸಿ, ಸೋರೆ ಬುರುಡೆಯಲ್ಲಿ ತಾನೇ ಕಾಲುವೆಯ ನೀರು ತಂದು ಅಳಿಯನ ಮುಂದೆ ಹಿಡಿದಳು. ಅಳಿಯ ಇಪ್ಪತ್ತೈದು ಜನರ ಎದುರಿಗೆ ಎದ್ದು ನಿಂತ.

“ಬೇಡ ಬೀಬಿ. ನಾನು ಆರೋಗ್ಯ ಇಲಾಖೇಲಿ ಇದ್ದೋನು. ಕಾಲುವೆ ನೀರು ಕುಡಿಯಲ್ಲ. ಅದರಲ್ಲಿ ಎಷ್ಟು ಹುಳ ಇದ್ಯೋ ಯಾರಿಗ್ಗೊತ್ತು!”

ಆ ಕಾಲುವೆಯನ್ನು ಬೆಟ್ಟದ ಮೇಲಿಂದ ಮನೆಯ ಬಾಗಿಲಿಗೆ ತೋಡಿ ತಂದವನು ಬೀಬಿಯ ಗಂಡನ ಅಜ್ಜ. ಅದೇ ಕಾಲುವೆ ನೀರಿನಲ್ಲಿ ಬೆಂದ ಮಚಲಾರಿಯನ್ನು ಅಷ್ಟರಲ್ಲಾಗಲೇ ಎಲಿನಾಮಿ ಮೂರು ಸಲ ಹಾಕಿಸಿಕೊಂಡಿದ್ದ ಎಂಬುದನ್ನು ಐಕಾಂಡೆ ಇವತ್ತಿಗೂ ಮರೆತಿಲ್ಲ, ಮರೆಯಲು ಬಿಟ್ಟೂ ಇಲ್ಲ.

ಬೀಬಿ ಒಂದು ಮಾತೂ ಆಡಲಿಲ್ಲ. ಬೈಯುವ ಅತ್ತೆಯನ್ನು ನಂಬಬಹುದು, ಸುಮ್ಮನಿರುವ ಅತ್ತೆಯನ್ನು ನಂಬಬಾರದು. ಹೊರಡುವ ದಿನ ಬೆಳಿಗ್ಗೆ ಅವಳು ಎಣ್ಣೆಯ ಹಳೇ ತಗಡಿನ ಡಬ್ಬದಲ್ಲಿ ನೆಟ್ಟ ಒಂದು ಇಸಾಲೆ ಗಿಡವನ್ನು ತಂದು ಅವನ ಕೈಗಿಟ್ಟಳು. ಆ ಸೀಮೆಯಲ್ಲಿ ಬಾಳೆತೋಟಗಳ ಗಡಿಗೆಲ್ಲ ಇಸಾಲೆಯದೇ ಬೇಲಿ. ಜೋಳದ ಎಲೆಯ ಹಾಗೆ ಉದ್ದುದ್ದ ಎಲೆ. ತಪ್ಪು ಮಾಡಿದವನು ಅದರ ಒಂದು ಎಲೆಗೆ ಗಂಟು ಹಾಕಿ ಹಿಡಿದುಕೊಂಡು ಬಾಗಿಲಿಗೆ ಬಂದನೆಂದರೆ ಮುಗಿಯಿತು, ಕೊಟ್ಟಿಗೆಗೆ ಬೆಂಕಿಯಿಟ್ಟವನಾದರೂ ಕ್ಷಮಿಸಲೇಬೇಕು.

“ಇದಕ್ಕೆ ನಿನ್ನ ಶುದ್ಧ ನೀರು ಹಾಕಿ ಬೆಳೆಸು,” ಎಂದಳು ಬೀಬಿ. “ಮುಂದಿನ ಕ್ರಿಸ್ಮಸ್ಸಿಗೆ ಇದರದ್ದೇ ಒಂದು ಎಲೆ ತಗೊಂಡು ಬಾ. ತೊಟ್ಟಿಂದ ತುದೀವರೆಗೂ ಒಂದು ಕಲೆ ಇರಬಾರದು. ದಾರೀಲಿ ಯಾರದೋ ಬೇಲಿಯಿಂದ ಕಿತ್ಕೊಂಡು ಬಂದ್ರೆ ನಂಗೆ ಗೊತ್ತಾಗುತ್ತೆ. ಇದು ನಮ್ಮೆಜಮಾನ್ರು ನೆಟ್ಟಿದ್ದು, ನಡುವೆ ಹಳದಿ ಗೆರೆ ಇದೆ. ಎಲೆ ಇಲ್ದೆ ಈ ಅಂಗಳಕ್ಕೆ ಕಾಲಿಡಬೇಡ.”

ಇಷ್ಟೇನಾ ಎಂದುಕೊಂಡು ಎಲಿನಾಮಿ ಕಂದು ಹಲ್ಲು ತೋರಿಸಿ ನಕ್ಕ. ಮೇರು ಬುಡದವರ ಹಲ್ಲೆಲ್ಲ ಹೆಚ್ಚುಕಡಿಮೆ ಅದೇ ಬಣ್ಣ, ಊರಲ್ಲಿ ಯಾರೂ ಅದನ್ನು ಗಮನಿಸುವುದಿಲ್ಲ. ಗಡಿಬಿಡಿಯಲ್ಲಿ ಹಳದಿ ಕ್ಯಾನನ್ನು ಅತ್ತೆಯ ಮನೆಯಲ್ಲೇ ಮರೆತು, ಗಿಡವನ್ನು ಹೊತ್ತುಕೊಂಡು ಇಳಿದು ಬಂದ.

ಇದೆಲ್ಲ ಆಗಿ ಹತ್ತು ತಿಂಗಳು. ಈಗ ಭಾನುವಾರದ ಪ್ರಾರ್ಥನೆ ಮುಗಿಯುತ್ತಿದ್ದ ಹಾಗೇ, ಬಾಣಂತನಕ್ಕೆ ಬೀಬಿಯ ಮನೆಯಲ್ಲಿದ್ದ ಮಗಳ ಫೋನು ಬಂದಿತ್ತು.

“ಅಪ್ಪಾ, ಎಲೆ ಇದೆ ತಾನೆ? ಬೀಬಿ ಕೇಳ್ತಿದ್ರು.”

ಮನೆಗೆ ಬಂದವನೇ ಎಲಿನಾಮಿ ಜಗಲಿಯ ಅಂಚಿನ ಡಬ್ಬದ ಮುಂದೆ ಕುಕ್ಕರುಗಾಲಲ್ಲಿ ಕೂತ. ಹನ್ನೊಂದು ಎಲೆ. ಒಂಬತ್ತರ ತುದಿ ಕಂದಾಗಿ, ದೀಪಕ್ಕೆ ಹಿಡಿದ ಕಾಗದದ ಹಾಗೆ ಒಣಗಿತ್ತು. ತುತ್ತತುದಿಯ ಎರಡು ಮಾತ್ರ ಹಸಿರಾಗಿ, ನೆಟ್ಟಗೆ, ಇಸ್ತ್ರಿ ಮಾಡಿದ ಹಾಗಿದ್ದವು. ಮೇಲೆ ಹೇಳಿದ ಶಪಥ ಹೊರಬಿದ್ದದ್ದು ಈ ಗಳಿಗೆಯಲ್ಲಿ.

“ಮೇಲಿನ ಎರಡು ಚೆನ್ನಾಗೇ ಇವೆಯಲ್ಲ,” ಎಂದಳು ಐಕಾಂಡೆ. “ಅವು ದೊಡ್ಡ ಮಳೇಲಿ ಬಂದ ಎಲೆ. ಈಗ್ಲೂ ಮಳೆ ಹಿಡಕೊಂಡಿದೆ. ಡಬ್ಬಾನ ಸೂರಿನ ನೀರು ಬೀಳೋ ಕಡೆ ಇಟ್ಟು ಸುಮ್ಮನಿದ್ದುಬಿಡಿ. ನಮಗೆ ಬೇಕಿರೋದು ಒಂದೇ ಎಲೆ.”

“ನಿಂಗೆ ಗೊತ್ತಾಗಲ್ಲ ಮಾಮಾ ಆಯ್ಸಾ. ಆ ಎರಡರಲ್ಲೂ ಕಾಯಿಲೆ ಇದೆ. ಇನ್ನೂ ಹೊರಗೆ ಬಂದಿಲ್ಲ ಅಷ್ಟೇ. ಒಳಗೆ ಅಡಗಿ ಕೂತಿದೆ!”

“ಕೂತಿರಲಿ ಬಿಡಿ. ನಾವ್ಯಾಕೆ ಹೋಗಿ ಬಾಗಿಲು ತಟ್ಟಬೇಕು?”

ಆದರೆ ಬಾಗಿಲು ತಟ್ಟದೆ ಇರುವುದು ಎಲಿನಾಮಿಯ ಜಾಯಮಾನವಲ್ಲ. ಮೂವತ್ತೊಂದು ವರ್ಷ ಅವನು ಒಂದು ಸಣ್ಣ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ. ಡಾಕ್ಟರು ಬರೆದ ಚೀಟಿ ನೋಡಿ ಮರದ ಕಿಟಕಿಯಿಂದ ಮಾತ್ರೆ ಕೊಡುವುದು ಕೆಲಸ. ಡಾಕ್ಟರು ರಜೆಯಲ್ಲಿದ್ದ ದಿನಗಳಲ್ಲಿ ಚೀಟಿ ಇಲ್ಲದೆಯೂ ಕೊಟ್ಟಿದ್ದ. ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಆಗಿದ್ದವರು ಬಂದು ಹೇಳಿರಲಿಲ್ಲ. ನಿವೃತ್ತನಾದ ಮೇಲೆ ಕೈ ತುರಿಸುತ್ತಿತ್ತು. ಕೋಳಿಗಳು ಅವನನ್ನು ಕಂಡರೆ ಓಡುತ್ತಿದ್ದವು. ಓಡಲಾರದ ರೋಗಿ ಅವನಿಗೆ ಸಿಕ್ಕಿದ್ದು ಇದೇ ಮೊದಲು.

ಅಂದು ಸಂಜೆಯೇ ಗಿಡವನ್ನು ಜಗಲಿಯಿಂದ ನಡುಮನೆಗೆ ಸಾಗಿಸಲಾಯಿತು.

“ಹೊರಗೆ ಗಾಳಿ, ಧೂಳು. ಇನ್ಮೇಲೆ ಇದು ಒಳರೋಗಿ!” ಎಂದ ಎಲಿನಾಮಿ.

ರೇಡಿಯೋ ಇದ್ದ ಮೇಜಿನ ಮೇಲೆ ರೋಗಿಗೆ ಜಾಗವಾಯಿತು. ರೇಡಿಯೋ ನೆಲಕ್ಕಿಳಿಯಿತು. ಡಬ್ಬಕ್ಕೆ ಒಂದು ಹಲಗೆ ಕಟ್ಟಿ ಅದರ ಮೇಲೆ ಹಾಳೆ ಅಂಟಿಸಿ ಬರೆದ: ‘ರೋಗಿ: ಇಸಾಲೆ. ಊರು: ಮಚಾಮೆ. ವಯಸ್ಸು: ಗೊತ್ತಿಲ್ಲ. ದೂರು: ತುದಿ ಕಂದು. ರೋಗಿ ಪ್ರಶ್ನೆಗಳಿಗೆ ಉತ್ತರಿಸುತ್ತಿಲ್ಲ.’

“ಉತ್ತರ ಕೊಡೋ ನಾನು ಇದ್ದೀನಲ್ಲ, ನನ್ನ ಕೇಳಲೇ ಇಲ್ಲ,” ಎಂದಳು ಐಕಾಂಡೆ.

ಮೊದಲ ತೀರ್ಮಾನ ಬಾಯಾರಿಕೆ ಎಂದಾಯಿತು. ಹೊಟ್ಟೆ ತುಂಬ ನೀರು ಸಿಕ್ಕದೆ ತುದಿ ಒಣಗಿದೆ! ಬೆಳಿಗ್ಗೆ ಎರಡು ಲೋಟ, ಸಂಜೆ ಎರಡು ಲೋಟ. ಸುಮ್ಮನೆ ನಲ್ಲಿ ನೀರಲ್ಲ, ನಲ್ಲಿ ನೀರನ್ನು ಪಾತ್ರೆಗೆ ಹಾಕಿ, ಅರ್ಧಕ್ಕಿಳಿಯುವವರೆಗೆ ಕುದಿಸಿ, ಬಟ್ಟೆಯಲ್ಲಿ ಸೋಸಿ, ಆರಿಸಿ ಕೊಟ್ಟ ನೀರು. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು, ಒಳಗೆ ಎಲಿನಾಮಿ ಒಲೆ ಊದುತ್ತಿದ್ದ.

“ಆಕಾಶದಿಂದ ಪುಕ್ಕಟೆ ಬೀಳ್ತಿದೆ, ನನ್ನ ಸೌದೆ ಸುಟ್ಟು ನೀರು ಕಾಯಿಸ್ತಿದ್ದೀರಲ್ಲ!”

“ಮಳೆ ನೀರು ಎಲ್ಲೆಲ್ಲಿ ಸುತ್ತಿ ಬಂದಿರುತ್ತೋ! ಅದನ್ನ ರೋಗಿಗೆ ಕೊಡೋದಾ? ನಾವೇನು ಕಾಡು ಜನಾನಾ?”

“ನಾವಲ್ಲ. ಮಚಾಮೆಯೋರು ಕಾಡು ಜನ ಅಂತ ನೀವು ಹೋದ ವರ್ಷಾನೇ ಹೇಳಿ ಆಯ್ತಲ್ಲ,” ಎಂದು ಐಕಾಂಡೆ ಎದ್ದು ಹೋದಳು.

ಬುಧವಾರ ಬಂತು. ಕೆಳಗಿನ ಮೂರು ಎಲೆಗಳು ಹಳದಿಯಾಗಿ, ಮೆತ್ತಗಾಗಿ ಮೇಜಿನ ಮೇಲೆ ಮಲಗಿದವು. ಐಕಾಂಡೆ ಅವನ್ನು ಗುಡಿಸಿ ಎತ್ತುತ್ತ ಕೇಳಿದಳು: “ಹೆಸರು ಹುಡುಕಿದ್ರಾ?”

ಹೆಸರು ಸಿಗಲಿಲ್ಲ, ಎರಡನೆಯ ಕಾಯಿಲೆ ಸಿಕ್ಕಿತು. ಚರ್ಮರೋಗ! ಎಲಿನಾಮಿ ಹಳೆಯ ಔಷಧಿ ಪೆಟ್ಟಿಗೆ ಇಳಿಸಿದ. ಹೊಸ ಬ್ಲೇಡಿನಿಂದ ಒಂದೊಂದು ಎಲೆಯ ಕಂದು ತುದಿಯನ್ನೂ ಕತ್ತರಿಸಿ, ಗಾಯಕ್ಕೆ ಹತ್ತಿಯಿಂದ ನೇರಳೆ ಔಷಧಿ ಹಚ್ಚಿದ. ಬಾಯಿಹುಣ್ಣಿನಿಂದ ಮೊಣಕಾಲಿನ ಗಾಯದವರೆಗೆ ಮೂವತ್ತೊಂದು ವರ್ಷ ಅವನು ಹಚ್ಚಿದ್ದು ಅದೇ ನೇರಳೆ ಔಷಧಿಯನ್ನು. ಮೇಲಿನ ಎರಡನ್ನು ಮಾತ್ರ ಮುಟ್ಟಲಿಲ್ಲ, ಬೀಬಿಗೆ ಬೇಕಾದದ್ದು ತುದಿಯಿರುವ ಎಲೆಯಾದ್ದರಿಂದ.

ಸಂಜೆ ಐಕಾಂಡೆಯ ತಮ್ಮ ಎನ್ಡೆಲಿಲಿಯೋ ಬಂದ. ಊರಿಂದ ಬಾಳೆಗೊನೆ ತಂದಿದ್ದ. ಬಾಗಿಲಲ್ಲೇ ನಿಂತು ಗಿಡವನ್ನು ನೋಡಿದ. ಎಂಟು ಎಲೆ, ಆರು ನೇರಳೆ ತುದಿ.

“ಏನ್ ಭಾವಾ, ನಿಮ್ಮ ಗಿಡ ಓಟು ಹಾಕಿ ಬಂದಿದೆಯಾ?”

ಐಕಾಂಡೆ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ಓಟು ಹಾಕಿದವರ ಬೆರಳಿಗೂ ಅದೇ ಬಣ್ಣವನ್ನೇ ಹಚ್ಚುವುದು.

“ಇದು ಔಷಧಿ!” ಎಂದ ಎಲಿನಾಮಿ ಗಂಭೀರವಾಗಿ.

“ಔಷಧೀನಾ? ನಾನೆಲ್ಲೋ ಒಂದೇ ಗಿಡ ಆರು ಸಲ ಓಟು ಹಾಕಿದೆ ಅಂತ ಗಾಬರಿಯಾದೆ.” ಆಮೇಲೆ ದನಿ ತಗ್ಗಿಸಿ ಹೇಳಿದ: “ಭಾವಾ, ನಮ್ಮವ್ವ ಹಟ ಹಿಡಿದ್ರೆ ಬಿಡೋಳಲ್ಲ. ಎಲೆ ಇಲ್ದಿದ್ರೆ ಪಾದ್ರಿ ಮುಂದೆ ಮಗು ಎತ್ತಿಕೊಳ್ಳೋಕೆ ನಾನಿದ್ದೀನಂತೆ. ನಂಗೆ ಕೋಟಿಗೆ ಅಳತೆ ಕೊಡು ಅಂದಿದಾಳೆ.”

ಮೊಮ್ಮಗನನ್ನು ಎಲಿನಾಮಿ ಇನ್ನೂ ನೋಡಿರಲಿಲ್ಲ. ಫೋನಿನಲ್ಲಿ ಅಳು ಕೇಳಿದ್ದ ಅಷ್ಟೇ. ಆ ಅಳು ತನ್ನದೇ ದನಿಯಂತಿದೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದ. ರಾತ್ರಿ ಊಟದಲ್ಲಿ ಎರಡನೆಯ ಸಲ ಜೋಳದ ಮುದ್ದೆ ಉಗಾಲಿ ಹಾಕಿಸಿಕೊಳ್ಳಲಿಲ್ಲ.

ಮರುದಿನ ಎಲಿನಾಮಿ ಪಕ್ಕದ ಮನೆಯ ಗಡಿಯಾರ ರಿಪೇರಿಯವನಿಂದ ಭೂತಗನ್ನಡಿ ತಂದ. ಎಲೆಯ ಮೇಲೆ ಹಿಡಿದು ನೋಡಿದವನು ಹೌಹಾರಿದ.

“ಹುಳ! ಮಾಮಾ ಆಯ್ಸಾ, ಬಾ ಇಲ್ಲಿ! ಬಿಳೀ ಹುಳ! ಸಾವಿರಾರು! ಸಿಕ್ಕಿಬಿದ್ರು ಕಳ್ರು!”

“ಅಲ್ಲಾಡ್ತಿವೆಯಾ?”

“ಇಲ್ಲ. ನನ್ನ ನೋಡಿ ಸತ್ತ ಹಾಗೆ ನಟಿಸ್ತಿವೆ!”

ಐಕಾಂಡೆ ಬರುವಷ್ಟರಲ್ಲಿ ಚಿಕಿತ್ಸೆ ಶುರುವಾಗಿತ್ತು. ಹೊಗೆಸೊಪ್ಪು ನೆನೆಸಿದ ನೀರು, ಅದಕ್ಕೆ ಬಟ್ಟೆ ಸೋಪಿನ ಪುಡಿ, ಅದಕ್ಕೆ ಎರಡು ಚಮಚ ಸೀಮೆಎಣ್ಣೆ. ಬಟ್ಟೆ ಅದ್ದಿ ಎಲೆಗಳನ್ನು ತಿಕ್ಕಿ ತಿಕ್ಕಿ ತೊಳೆದ. ಮನೆಯೊಳಗೆ ಉಸಿರಾಡುವ ಹಾಗಿರಲಿಲ್ಲ. ಐಕಾಂಡೆ ಮೂಗು ಮುಚ್ಚಿಕೊಂಡು ಉಳಿದ ಒಂದು ಬಿಳಿ ಹುಳವನ್ನು ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಹಚ್ಚಿಕೊಂಡಳು.

“ಅಯ್ಯೋ! ತಿಂದ್ಯಾ!”

“ದಿನಾ ನೀವೂ ತಿಂತೀರಿ. ಜೋಳದ ಹಿಟ್ಟು. ಮಳೆ ಅಂತ ನೆನ್ನೆ ಇಲ್ಲೇ ಕೂತು ಜರಡಿ ಹಿಡಿದೆ.”

ಎರಡು ದಿನದಲ್ಲಿ ನಾಲ್ಕು ಎಲೆ ಬೆಂದ ಸೊಪ್ಪಿನ ಹಾಗೆ ಜೋತುಬಿದ್ದು ಕಳಚಿಕೊಂಡವು. ಉಳಿದದ್ದು ನಾಲ್ಕು. ಅದರಲ್ಲಿ ಎರಡು ನೇರಳೆ ತುದಿಯವು. ಮೇಲಿನ ಎರಡರಲ್ಲಿಯೂ ಅಡಗಿ ಕೂತಿದ್ದ ಕಾಯಿಲೆ, ಇಷ್ಟೆಲ್ಲ ಕರೆದ ಮೇಲೆ ಬಾರದಿದ್ದರೆ ಮರ್ಯಾದೆಯಲ್ಲ ಎಂಬಂತೆ, ಕಡಲೆಕಾಳಿನಷ್ಟು ಕಂದಾಗಿ ತುದಿಯಲ್ಲಿ ಕಾಣಿಸಿಕೊಂಡಿತು.

“ನೋಡಿದ್ಯಾ! ನಾನು ಹೇಳಿರಲಿಲ್ವಾ!” ಎಂದು ಎಲಿನಾಮಿ ಗೆದ್ದವನಂತೆ ಕೂಗಿದ. ಕೂಗಿದ ಮೇಲೆ ತಾನು ಗೆದ್ದದ್ದೇನು ಎಂದು ಹೊಳೆದು ಪಾಪ, ಕುರ್ಚಿಯಲ್ಲಿ ಕುಸಿದ.

ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ಬೀಬಿ.

“ಶಿಕಾಮೂ, ಬೀಬಿ,” ಎಂದು ಎಲಿನಾಮಿ ಎದ್ದು ನಿಂತು ನಮಸ್ಕಾರ ಹೇಳಿದ.

“ಮರಹಾಬಾ. ನನ್ನ ಗಿಡ ಹೇಗಿದೆ?”

“ಚೇತರಿಸಿಕೊಳ್ತಿದೆ, ಬೀಬಿ.”

“ಓ. ಚೇತರಿಸಿಕೊಳ್ಳೋ ಅಂಥದ್ದು ಏನಾಗಿತ್ತು?”

ಎಲಿನಾಮಿ ಡಬ್ಬಕ್ಕೆ ಕಟ್ಟಿದ ಹಾಳೆಯ ಮೇಲೆ ಕಣ್ಣಾಡಿಸಿದ. ಕೊನೆಗೆ “ಸ್ವಲ್ಪ ನೆಗಡಿ” ಎಂದುಬಿಟ್ಟ.

“ನೀರು ಚೆನ್ನಾಗಿ ಹಾಕ್ತಿದ್ದೀಯಾ?”

“ದಿನಕ್ಕೆ ನಾಲ್ಕು ಲೋಟ! ನಮ್ಮ ನಲ್ಲಿ ನೀರು! ಅದನ್ನೂ ಕುದಿಸಿ!”

“ಕುದಿಸಿ ಬೇರೆ!” ಎಂದಳು ಬೀಬಿ. ಅವಳ ದನಿಯಲ್ಲಿ ಏನೋ ಒಂದು ಸಂತೋಷವಿದ್ದಂತೆ ಎಲಿನಾಮಿಗೆ ಕೇಳಿಸಿತು. ಅತ್ತೆಗೆ ತನ್ನ ಶ್ರದ್ಧೆ ಮೆಚ್ಚುಗೆಯಾಗಿದೆ ಎಂದುಕೊಂಡ.

ಮೆಚ್ಚುಗೆಯ ಹುಮ್ಮಸ್ಸಿನಲ್ಲಿ ದೊಡ್ಡ ಕೆಲಸಕ್ಕೇ ಕೈಹಾಕಿದ. ಶಸ್ತ್ರಚಿಕಿತ್ಸೆ! ಹಳೇ ಹಾಳೆ ಹಾಸಿ, ಗಿಡವನ್ನು ಡಬ್ಬದಿಂದ ಬುಡಸಮೇತ ಎಳೆದು, ಮಣ್ಣು ಕೊಡವಿದ. ಬೇರನ್ನು ಬೆಳಕಿಗೆ ಹಿಡಿದ. ಬೇರೆಲ್ಲ ಕಿತ್ತಳೆ ಹಣ್ಣಿನ ಸಿಪ್ಪೆಯ ಬಣ್ಣ!

“ಕಾಮಾಲೆ!” ಎಂದು ಪಿಸುಗುಟ್ಟಿದ. “ಮಾಮಾ ಆಯ್ಸಾ, ಇದಕ್ಕೆ ಕಾಮಾಲೆ! ಬೇರಿಗೆಲ್ಲ ಹಬ್ಬಿದೆ!”

ಐಕಾಂಡೆ ಇಸಾಲೆ ಬೇಲಿಯ ಮಗ್ಗುಲಲ್ಲೇ ಆಡಿ ಬೆಳೆದವಳು. “ಅದರ ಬೇರೇ ಆ ಬಣ್ಣ ರೀ!”

“ಆರೋಗ್ಯವಾಗಿರೋ ಬೇರು ಬೆಳ್ಳಗಿರಬೇಕು!”

“ಕ್ಯಾರೆಟ್ಟೂ ಕೆಂಪಗಿದೆ. ಅದಕ್ಕೂ ಕಾಮಾಲೇನಾ? ನೆನ್ನೆ ಸಾರಲ್ಲಿ ತಿಂದ್ರಲ್ಲ, ನಿಮಗೂ ಬಂತಾ? ಕತ್ತರಿ ಕೆಳಗಿಡಿ, ಬಾಬಾ ಆಯ್ಸಾ. ಇಡಿ ಅಂದೆ!”

ಇಡುವಷ್ಟರಲ್ಲಿ ಅರ್ಧ ಬೇರು ಹಾಳೆಯ ಮೇಲಿತ್ತು. ಮಿಕ್ಕ ಅರ್ಧಕ್ಕೆ ಬೂದಿ ಬಳಿದು, ಕಾಂಡಕ್ಕೆ ಬ್ಯಾಂಡೇಜು ಬಟ್ಟೆ ಸುತ್ತಿ, ರೋಗಿಯನ್ನು ಡಬ್ಬಕ್ಕಿಳಿಸಿ ನಾಲ್ಕು ಲೋಟ ನೀರು ಹೊಯ್ದ. ಹಾಳೆಯಲ್ಲಿ ಬರೆದ: ‘ಶಸ್ತ್ರಚಿಕಿತ್ಸೆ ಯಶಸ್ವಿ.’

ಯಶಸ್ಸಿನ ನಾಲ್ಕನೆಯ ದಿನ ಎರಡು ಎಲೆ, ಏಳನೆಯ ದಿನ ಇನ್ನೊಂದು ಬಿತ್ತು. ಡಿಸೆಂಬರ್ ಇಪ್ಪತ್ಮೂರರ ಹೊತ್ತಿಗೆ ಬ್ಯಾಂಡೇಜು ಸುತ್ತಿದ ಒಂದು ಕೋಲು, ಕೋಲಿನ ತುದಿಯಲ್ಲಿ ಒಂದೇ ಒಂದು ಎಲೆ, ಎಲೆಯ ತುದಿಯಲ್ಲಿ ಹೆಬ್ಬೆರಳಿನಷ್ಟು ಕಂದು. ನವೆಂಬರಿನಲ್ಲಿ ಬಾಗಿಲು ತಟ್ಟದೆ ಇದ್ದಿದ್ದರೆ ಎರಡು ಎಲೆ ಅಪ್ಪಟವಾಗಿ ಕೈಯಲ್ಲಿರುತ್ತಿದ್ದವು. ಐಕಾಂಡೆ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೇ ವಾಸಿಯಿತ್ತು.

ಇಪ್ಪತ್ನಾಲ್ಕರ ಬೆಳಿಗ್ಗೆ ಅವಳು ಚೀಲ ಕಟ್ಟುತ್ತಿದ್ದಾಗ ಎಲಿನಾಮಿ ಗೋಡೆಯ ಕಡೆ ತಿರುಗಿ ಏನೋ ಮಾಡುತ್ತಿದ್ದ. ಪಕ್ಕದ ಮನೆಯ ಮಕ್ಕಳ ಬಣ್ಣದ ಡಬ್ಬಿ, ಒಂದು ಸಣ್ಣ ಕುಂಚ. ಕಂದು ತುದಿ ಹಸಿರಾಗುತ್ತಿತ್ತು. ಸ್ವತಃ ದೇವರಿಗೂ ಇಷ್ಟು ಅಚ್ಚುಕಟ್ಟಾಗಿ ಹಚ್ಚಲು ಬಂದಿರಲಿಕ್ಕಿಲ್ಲ! ಐಕಾಂಡೆ ಅವನ ಬೆನ್ನ ಹಿಂದೆ ಒಂದು ಗಳಿಗೆ ನಿಂತು ನೋಡಿದಳು.

“ಮೋಡ ಆಗಿದೆ. ಕೊಡೆ ತಗೊಳ್ಳಿ,” ಎಂದಳು.

“ಬೇಡ. ಒಂದು ಕೈಲಿ ಚೀಲ, ಒಂದು ಕೈಲಿ ಗಿಡ. ಕೊಡೆ ಎಲ್ಲಿ ಹಿಡೀಲಿ?”

“ನಾನು ಹೇಳೋದು ಹೇಳಿದೆ,” ಎಂದು ತನ್ನ ಕೊಡೆ ತೆಗೆದುಕೊಂಡಳು.

ಹೆದ್ದಾರಿಯಲ್ಲಿ ಬಸ್ಸು, ಕವಲಿನಿಂದ ಮೇಲಕ್ಕೆ ದಾಲಾದಾಲಾ ವ್ಯಾನು. ಹದಿನಾಲ್ಕು ಜನರ ವ್ಯಾನಿನಲ್ಲಿ ಇಪ್ಪತ್ತೊಂದು ಜನ, ಮೂರು ಕೋಳಿ, ಸೀಟಿನ ಕೆಳಗೆ ಹಬ್ಬದ ಮೇಕೆ. ಮೇಕೆ ದಾರಿಯುದ್ದಕ್ಕೂ ಎಲೆಯನ್ನೇ ನೋಡುತ್ತಿತ್ತು. ಎಲಿನಾಮಿ ದಾರಿಯುದ್ದಕ್ಕೂ ಮೇಕೆಯನ್ನೇ ನೋಡುತ್ತಿದ್ದ. ಮೇಕೆಯಿಂದ ಎಲೆಯನ್ನು ಕಾಪಾಡಿದ ಆ ಮಹಾವೀರ, ವ್ಯಾನಿಳಿದು ಬಾಳೆತೋಟಗಳ ನಡುವಿನ ಏರುದಾರಿಯಲ್ಲಿ ಇಪ್ಪತ್ತು ಹೆಜ್ಜೆ ನಡೆಯುವಷ್ಟರಲ್ಲಿ ಜಿಟಿಜಿಟಿ ಮಳೆ ಹಿಡಿದುಕೊಂಡಿತು. ಕಾಲು ಬೀಸಿ ಹಾಕಿದ. ಕೆಸರು, ಏರು, ಹೊಸ ಕೋಟು. ಹಿಂದೆ ಐಕಾಂಡೆ ಕೊಡೆ ಹಿಡಿದು ನಿಧಾನವಾಗಿ ಬರುತ್ತಿದ್ದಳು.

ಗಡಿಬೇಲಿಯ ಹತ್ತಿರ ನಿಂತು, ನೆತ್ತಿಯ ಎಲೆಯನ್ನು ಬ್ಲೇಡಿನಿಂದ ಕತ್ತರಿಸಿ, ಗಂಟು ಹಾಕಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಎಲಿನಾಮಿ ಅಂಗಳದ ಅಂಚಿನಲ್ಲಿ ಮೊಣಕಾಲೂರಿದ. ಸೂರಿನ ಕೆಳಗೆ ಮನೆಮಂದಿಯೆಲ್ಲ ನೆರೆದಿತ್ತು. ಬಾಗಿಲಲ್ಲಿ ಆಯ್ಸಾ, ಅವಳ ತೋಳಲ್ಲಿ ಒಂದು ಸಣ್ಣ ಬಟ್ಟೆಯ ಗಂಟು. ಆ ಗಂಟಿನಿಂದ ಒಂದು ಪುಟ್ಟ ಕೈ ಹೊರಬಂದು ಗಾಳಿಯಲ್ಲಿ ಏನನ್ನೋ ಹಿಡಿಯಲು ನೋಡಿತು. ಎಲಿನಾಮಿ ಅದನ್ನೇ ನೋಡುತ್ತ ತನ್ನ ಮಾತು ಮರೆತ.

ಬೀಬಿ ಆನಾಸಿಯಾ ಕೋಲೂರಿಕೊಂಡು ಅಂಗಳಕ್ಕಿಳಿದಳು. ಎಲೆಯನ್ನು ನೋಡಲಿಲ್ಲ. ಅವನ ಅಂಗಿಯನ್ನು ನೋಡಿದಳು. ಬಿಳಿ ಅಂಗಿಯ ಎದೆಯ ಮೇಲೆ ಹಸಿರು ಹನಿ, ಹೊಸ ಕೋಟಿನ ತೋಳಿನಲ್ಲಿ ಹಸಿರು ಗೆರೆ, ಹತ್ತೂ ಬೆರಳು ಹಸಿರು.

“ಇದೇನು, ನೀನೂ ಚಿಗುರಿದ್ದೀಯ?”

ಸೂರಿನ ಕೆಳಗಿನಿಂದ ಎನ್ಡೆಲಿಲಿಯೋ ಕೂಗಿದ: “ಹೋದ ಸಲ ನೇರಳೆ, ಈ ಸಲ ಹಸಿರು. ಪಕ್ಷ ಬದಲಾಯಿಸಿದ್ರಾ ಭಾವಾ?”

ಎಲಿನಾಮಿ ಕೈಯಲ್ಲಿದ್ದ ಎಲೆಯನ್ನು ನೋಡಿದ. ತುದಿಯ ಹೆಬ್ಬೆರಳಿನಷ್ಟು ಜಾಗ ಕಂದಾಗಿ, ಅಪ್ಪಟ ಕಂದಾಗಿ ಹೊಳೆಯುತ್ತಿತ್ತು.

“ಬೀಬಿ,” ಎಂದ. “ಬಣ್ಣ ಹಚ್ಚಿದ್ದೆ. ಎಲ್ಲಾ ಔಷಧೀನೂ ಮಾಡ್ದೆ. ನೀರು, ಬ್ಲೇಡು, ಹೊಗೆಸೊಪ್ಪು, ಬೇರು ಬೇರೆ ಕತ್ತರಿಸಿದೆ. ಇದರ ಕಾಯಿಲೆ ಏನೂಂತ ನಂಗೆ ಗೊತ್ತಾಗಲೇ ಇಲ್ಲ.”

ಮೂವತ್ತೊಂದು ವರ್ಷ ಮತ್ತು ಒಂದೂವರೆ ತಿಂಗಳಲ್ಲಿ ಅವನು ಈ ಮಾತನ್ನು ಆಡಿದ್ದು ಇದೇ ಮೊದಲು. ಐಕಾಂಡೆ ಬಂದು ಅವನ ತಲೆಯ ಮೇಲೆ ಕೊಡೆ ಹಿಡಿದಳು.

“ಬಾಯಿ ತೆಗಿ,” ಎಂದಳು ಬೀಬಿ.

“ಏನು?”

“ಬಾಯಿ ತೆಗಿ ಅಂದೆ. ನೀನು ಎಷ್ಟೋ ಜನದ ಬಾಯಿ ತೆಗೆಸಿ ನೋಡಿದ್ದೀಯಲ್ಲ. ಹಾಂ. ಇನ್ನೂ ಅಗಲ.”

ಎಲಿನಾಮಿ ಬಾಯಿ ತೆರೆದ. ಬೀಬಿ ಎಲೆಯ ತುದಿಯನ್ನು ಅವನ ಹಲ್ಲಿನ ಪಕ್ಕ ಹಿಡಿದಳು.

“ಬನ್ರೋ, ಎಲ್ಲಾ ನೋಡಿ. ಎರಡೂ ಒಂದೇ ಬಣ್ಣಾನೋ ಅಲ್ವೋ?”

ಎಲ್ಲರೂ ಬಂದು ಬಗ್ಗಿ ನೋಡಿದರು. ಒಂದೇ ಬಣ್ಣ. ಕೂದಲೆಳೆಯ ವ್ಯತ್ಯಾಸವಿಲ್ಲ.

“ನನ್ನ ಮಗಳನ್ನ ಕೇಳೋಕೆ ಬಂದ ದಿನ ನೀನು ನಕ್ಕೆ, ಆವತ್ತೇ ಕಂಡೆ. ನಿಮ್ಮ ಬೆಟ್ಟದ ಬುಡದ ನೀರು ಎಳೇ ಹಲ್ಲನ್ನ ಹೀಗೆ ಸುಡುತ್ತೆ. ನಮ್ಮ ಕಡೆ ಮಕ್ಕಳಿಗೂ ಗೊತ್ತು. ಎಳೇ ಹಲ್ಲಿಗೆ ಆಗದ ನೀರು ಇಸಾಲೆಗೂ ಆಗಲ್ಲ, ತುದಿಯಿಂದ ಸುಟ್ಕೊಂಡು ಬರುತ್ತೆ. ಕುದಿಸಿದ್ರೆ ಇನ್ನೂ ಗಟ್ಟಿಯಾಗುತ್ತೆ, ಸಾರು ಬತ್ತಿಸಿದ ಹಾಗೆ. ಇದಕ್ಕೆ ಕಾಯಿಲೇನೇ ಇರಲಿಲ್ಲ ಕಣೋ. ನಿನ್ನ ಶುದ್ಧ ನೀರು ಇತ್ತು, ಅಷ್ಟೆ.”

ಬಾಯಿ ತೆರೆದೇ ಇದ್ದ ಎಲಿನಾಮಿಗೆ ಆಗ ದವಾಖಾನೆಯ ಕಿಟಕಿ ನೆನಪಾಯಿತು. ಅದರ ಪಕ್ಕದಲ್ಲಿ ಒಂದು ದೊಡ್ಡ ಚಿತ್ರಪಟ ಇತ್ತು: ಒಂದು ನಲ್ಲಿ, ಒಂದು ಲೋಟ, ಕಂದು ಹಲ್ಲಿನ ಒಂದು ಮಗು, ಕೆಳಗೆ ನಾಲ್ಕು ಸಾಲು ಬರಹ. ಚಿತ್ರದ ಮುಖ ರೋಗಿಗಳ ಕಡೆಗಿತ್ತು. ಕಿಟಕಿಯ ಒಳಗೆ ಕೂತವನು ಅದನ್ನು ಯಾವತ್ತೂ ಓದಿರಲಿಲ್ಲ.

“ಹಾಗಿದ್ರೆ... ನೀವು ಹೋದ ವರ್ಷಾನೇ... ಗೊತ್ತಿದ್ದೇ...”

“ಗೊತ್ತಿದ್ದೇ ಕೊಟ್ಟೆ,” ಎಂದಳು ಬೀಬಿ. “ಕಲೆ ಇಲ್ಲದ ಎಲೆ ನೀನು ತರಲ್ಲ ಅಂತಾನೂ ಗೊತ್ತಿತ್ತು. ನೋಡಿ ಬುದ್ಧಿ ಬಂದೀತು, ಬಂದು ಕೇಳೀಯ ಅಂದ್ಕೊಂಡಿದ್ದೆ. ಪಾಪದ ಗಿಡಕ್ಕೆ ಬ್ಯಾಂಡೇಜು ಕಟ್ಟೋ ತನಕ ಹೋಗ್ತೀಯ ಅಂತ ಮಾತ್ರ ಗೊತ್ತಿರಲಿಲ್ಲ.”

ಅವಳು ಎನ್ಡೆಲಿಲಿಯೋನ ಕಡೆ ತಿರುಗಿ ಗದ್ದದಿಂದ ಸನ್ನೆ ಮಾಡಿದಳು. ಅವನು ಕಾಲುವೆಗೆ ಬುರುಡೆ ಅದ್ದಿ ತಂದು ಭಾವನ ಕೈಗಿಟ್ಟ. ಇಪ್ಪತ್ತೈದು ಜನ ಕತ್ತು ಚಾಚಿ ನೋಡಿದರು. ಎಲಿನಾಮಿ ಗಟಗಟನೆ ಕುಡಿದು, ಬುರುಡೆ ಬೋರಲು ಮಾಡಿ ತೋರಿಸಿದ.

“ಹೇಗಿದೆ?”

“ತಣ್ಣಗಿದೆ, ಬೀಬಿ.”

“ಹುಳ?”

“ಕಾಣಲಿಲ್ಲ, ಬೀಬಿ.”

“ಭೂತಗನ್ನಡಿ ಬೇಕಿದ್ರೆ ತರಿಸ್ತೀನಿ.”

“ಬೇಡ, ಬೀಬಿ.”

ಬೀಬಿ ಎಲೆಯನ್ನು ತೆಗೆದುಕೊಂಡು ತಲೆಗೆ ಕಟ್ಟಿದ ಬಟ್ಟೆಗೆ ಸಿಕ್ಕಿಸಿಕೊಂಡಳು. “ಕಲೆ ಇಲ್ದಿರೋ ಎಲೆ ಹಿಡ್ಕೊಂಡು ಬರೋನಿಗೆ ಕ್ಷಮೆ ಯಾಕೆ ಬೇಕು? ಏಳು. ಕೈ ತೊಳ್ಕೊ. ಹಸಿರು ಕೈಲಿ ನನ್ನ ಮರಿಮೊಮ್ಮಗನ್ನ ಮುಟ್ಟಬೇಡ.”

ಮಾರನೆಯ ದಿನ ಕ್ರಿಸ್ಮಸ್, ಅದರ ಮಾರನೆಯ ದಿನ ಚರ್ಚು. ಎಲಿನಾಮಿ ಹಸಿರು ಗೆರೆಯ ಕೋಟಿನಲ್ಲೇ ಪಾದ್ರಿಯ ಮುಂದೆ ಮಗುವನ್ನು ಎತ್ತಿ ಹಿಡಿದು ನಿಂತ. ಪಾದ್ರಿ ನೀರಿಗೆ ಕೈ ಅದ್ದಿದಾಗ ಹಿಂದಿನಿಂದ ಎನ್ಡೆಲಿಲಿಯೋ ಮೆಲ್ಲಗೆ, “ಭಾವಾ, ಇದೂ ಕಾಲುವೇದೇ. ಕುದಿಸಿ ತರ್ಲಾ?” ಎಂದ. ಎಲಿನಾಮಿಗೆ ಅದು ಕೇಳಿಸಲಿಲ್ಲ. ಮಗು ಅವನ ಹೆಬ್ಬೆರಳನ್ನು ಹಿಡಿದುಕೊಂಡಿತ್ತು.

ಹೊಸ ವರ್ಷ ಕಳೆದು ಹೊರಟಾಗ, ಎಂಟು ದಿನ ಕಾಲುವೆಯ ಅಂಚಿನಲ್ಲಿ ನಿಂತಿದ್ದ ಬೋಳು ಕೋಲಿನ ಒಂದು ಗಿಣ್ಣಿನಲ್ಲಿ ಎಳ್ಳಿನಷ್ಟು ಹಸಿರು ಕಣ್ಣು ಬಿಟ್ಟಿತ್ತು. ಬೀಬಿ ಡಬ್ಬವನ್ನು ಅಳಿಯನ ಎಡಗೈಗೆ ಕೊಟ್ಟಳು. ಬಲಗೈಗೆ ಕೊಟ್ಟದ್ದು ಒಂದು ತುಂಬಿದ ಹಳದಿ ಕ್ಯಾನು. ಅದರ ಮೇಲೆ ಅವನದೇ ದಪ್ಪ ಅಕ್ಷರ: ‘ಶುದ್ಧ ನೀರು.’

“ಕಾಲುವೆ ನೀರು. ಗಿಡಕ್ಕೆ ಹಾಕು. ಇದು ಮುಗಿದ್ರೆ ಮಳೆ ನೀರು ಹಿಡಿ. ಕುದಿಸಬೇಡ,” ಎಂದಳು. ಎಲಿನಾಮಿ ತಲೆಯಾಡಿಸಿದ. ನಾಲ್ಕು ಹೆಜ್ಜೆ ಹೋಗಿದ್ದನೋ ಇಲ್ಲವೋ, ಹಿಂದಿನಿಂದ ಮತ್ತೆ ಅವಳ ದನಿ ಬಂತು.

“ಗಿಡ ಕುಡಿದು ಮಿಕ್ಕಿದ್ರೆ ನೀನೂ ಎರಡು ಗುಟುಕು ಕುಡಿಯಪ್ಪ. ಹಲ್ಲಂತೂ ಹೋಯ್ತು, ನಾಲಿಗೆಯಾದ್ರೂ ನೆಟ್ಟಗಾದೀತು!”